ಫೆಬ್ರವರಿಯಲ್ಲಿ ಕೂತು ವಾಪಸ್ ಹೋಗುವ ತೀರ್ಮಾನ ಮಾಡಬೇಡಿ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಯಜಮಾನರಿಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಕಳೆದ ಜೂನ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದೆವು. ಮಗಳಿಗೆ ಆರು ವರ್ಷ. ಊರಲ್ಲಿ ನಾನು ಹೈಸ್ಕೂಲಿನಲ್ಲಿ ಎಂಟು ವರ್ಷ ಗಣಿತ ಕಲಿಸಿದವಳು, ಇಲ್ಲಿ ಮನೆಯಲ್ಲೇ ಇದ್ದೇನೆ. ಚಳಿಗಾಲ ಶುರುವಾದಾಗಿನಿಂದ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಮಲಗುವ ಕೋಣೆಯ ಗೋಡೆ ತುಂಬ ಕಪ್ಪು ಬೂಷ್ಟು. ಮಗುವಿಗೆ ಜ್ವರ ಅಂದರೆ ಪ್ಯಾರಾಸಿಟಮಾಲ್ ಕೊಡಿ ಅಂತಾರೆ ಅಷ್ಟೆ. ಅಕ್ಕಪಕ್ಕದವರು ನೋಡಿದರೆ ನಗುತ್ತಾರೆ, ಮನೆಗೆ ಕರೆಯುವುದಿಲ್ಲ. ಕನ್ನಡದವರ ಕೂಟಕ್ಕೆ ಹೋದರೆ ಒಬ್ಬರು ಮೊದಲು ಕೇಳಿದ್ದೇ ‘ನೀವು ಯಾವ ಪೈಕಿ?’ ಅಂತ. ಟಿವಿ ಹಾಕಿದರೆ ವಲಸೆ ಬಂದವರ ಮೇಲೆ ಸಿಟ್ಟು. ಅತ್ತೆ ಫೋನಿನಲ್ಲಿ ‘ನಿಮಗೇನಮ್ಮ, ಸ್ವರ್ಗದಲ್ಲಿದ್ದೀರಿ’ ಅಂತಾರೆ. ವಾಪಸ್ ಹೋಗಿಬಿಡೋಣ ಅನಿಸುತ್ತಿದೆ. ನೀವೆಲ್ಲ ಇಲ್ಲಿ ಹೇಗೆ ಬದುಕಿದಿರಿ?

ಉತ್ತರ: ವಾಪಸ್ ಹೋಗುವುದು ತಪ್ಪಲ್ಲ, ಸೋಲೂ ಅಲ್ಲ. ಇಲ್ಲಿಂದ ಹೋಗಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನೆಮ್ಮದಿಯಾಗಿರುವ ಎಷ್ಟೋ ಮನೆಗಳನ್ನು ನಾನು ಬಲ್ಲೆ. ಆದರೆ ಆ ತೀರ್ಮಾನವನ್ನು ಫೆಬ್ರವರಿಯಲ್ಲಿ ಮಾಡಬೇಡಿ. ಮೊದಲ ಚಳಿಗಾಲದ ಫೆಬ್ರವರಿಯಲ್ಲಂತೂ ಬೇಡವೇ ಬೇಡ. ನಾನು ತಿಪಟೂರಿನವಳು. ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅದರಲ್ಲಿ ಹೆಚ್ಚಿನ ವರ್ಷ ಹೊಸದಾಗಿ ಬಂದವರಿಗೆ ಸಲಹೆ ಕೊಡುವ ಕೆಲಸದಲ್ಲೇ ಕಳೆದಿದ್ದೇನೆ. ಕಣ್ಣೀರು ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದು ಕೂರುವವರ ಸಾಲು ಜನವರಿ, ಫೆಬ್ರವರಿಯಲ್ಲಿ ಉದ್ದ ಇರುತ್ತದೆ. ಮೇ ತಿಂಗಳಲ್ಲಿ ಅದೇ ಜನ ಬೇರೆ ಮುಖ ಹೊತ್ತು ಬರುತ್ತಾರೆ.

ಇದಕ್ಕೆ ಕಾರಣ ಬೆಳಕು. ದಾವಣಗೆರೆಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯ ವ್ಯತ್ಯಾಸವೂ ಇಲ್ಲ. ಲೆಸ್ಟರ್‌ನಲ್ಲಿ ಆ ವ್ಯತ್ಯಾಸ ಒಂಬತ್ತು ಗಂಟೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಮುಳುಗುವ ಸೂರ್ಯ ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಇರುತ್ತಾನೆ. ನೀವು ಬಂದಿದ್ದು ಜೂನ್‌ನಲ್ಲಿ, ಅಂದರೆ ಹಬ್ಬದ ದಿನ ಬಂದು ಇಳಿದ ಹಾಗೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬೆಳಕು ಕಳೆದುಕೊಳ್ಳುತ್ತಾ ಬಂದಿರಿ. ನಮ್ಮ ಮೈ ಇದಕ್ಕೆ ತಯಾರಾಗಿರುವುದಿಲ್ಲ. ಮನಸ್ಸು ಕುಗ್ಗಿದರೆ ಅದು ನಿಮ್ಮ ದೌರ್ಬಲ್ಯ ಅಂದುಕೊಳ್ಳಬೇಡಿ.

ಮಗಳನ್ನು ಶಾಲೆಗೆ ಬಿಟ್ಟು ಸೀದಾ ಮನೆಗೆ ಬರಬೇಡಿ. ಮೋಡವಿದ್ದರೂ ಸರಿ, ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡ ಕವಿದ ಆಕಾಶದ ಬೆಳಕೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಜಾಸ್ತಿ. ಇನ್ನೊಂದು ವಿಟಮಿನ್ ಡಿ. ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳುವುದು ಒಳ್ಳೆಯದು ಅನ್ನುವುದು ಇಲ್ಲಿನ ಸರ್ಕಾರದ ಸಲಹೆ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ತಗೊಳ್ಳುವ ಬಗ್ಗೆ ಯೋಚಿಸಬೇಕು ಅಂತಲೂ ಹೇಳಿದೆ. ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ದುಬಾರಿಯೂ ಅಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಷ್ಟಗಳೆಲ್ಲ ಬೇರೆ ಬೇರೆ ಥರ ಕಾಣುತ್ತವೆ. ನನಗೆ ಅವುಗಳ ಕೆಳಗೆ ಒಂದೇ ಸಂಗತಿ ಕಾಣುತ್ತದೆ. ಊರಲ್ಲಿ ಜೀವನ ನಡೆಯುವುದು ಪರಿಚಯದ ಮೇಲೆ. ಮನೆ ಸೋರಿದರೆ ಓನರ್ ಮನೆ ಜಗಲಿ ಮೇಲೆ ಕೂತು ಮಾತಾಡುತ್ತೇವೆ. ಆಸ್ಪತ್ರೆಗೆ ಹೋಗುವ ಮುಂಚೆ ಅಲ್ಲಿ ಯಾರು ಗೊತ್ತು ಅಂತ ನೋಡುತ್ತೇವೆ. ನಮಗೆ ಏನು ಬೇಕು ಅಂತ ನಾವು ಬಾಯಿಬಿಡುವ ಮೊದಲೇ ಯಾರೋ ಒಬ್ಬರು ಅರ್ಥ ಮಾಡಿಕೊಂಡಿರುತ್ತಾರೆ. ಇಲ್ಲಿ ಹಾಗಲ್ಲ. ಯಾರೂ ತಾವಾಗಿ ಬಂದು ಕೇಳುವುದಿಲ್ಲ. ನೀವೇ ಕೇಳಬೇಕು, ಆದಷ್ಟು ಬರವಣಿಗೆಯಲ್ಲಿ ಕೇಳಬೇಕು, ಒಂದು ಸಲ ಇಲ್ಲ ಅಂದರೆ ಮತ್ತೆ ಕೇಳಬೇಕು. ಹಾಗೆ ಕೇಳಿದವರನ್ನು ಇಲ್ಲಿ ಯಾರೂ ಜಗಳಗಂಟಿ ಅನ್ನುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇದು ತುಂಬಾ ಕಷ್ಟ. ‘ಪರವಾಗಿಲ್ಲ ಬಿಡಿ’ ಅನ್ನುವುದನ್ನು ಕಲಿತೇ ಬೆಳೆದವರು ನಾವು.

ಗೋಡೆಯ ಬೂಷ್ಟಿನಿಂದ ಶುರು ಮಾಡೋಣ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಗುವಿನ ಉಸಿರಿನ ಪ್ರಶ್ನೆ ಇದು.

ಚಳಿಗಾಲದ ಒಂದು ದಿನ ನಮ್ಮ ಮನೆಯಲ್ಲಿ ಏನಾಗುತ್ತದೆ ನೋಡಿ. ಬೆಳಗ್ಗೆ ಕುಕ್ಕರ್ ಮೂರು ವಿಷಲ್ ಕೂಗುತ್ತದೆ. ಸಾರು ಕುದಿಯುತ್ತದೆ. ಸ್ನಾನದ ಮನೆಯಿಂದ ಹಬೆ ಬರುತ್ತದೆ. ಒಗೆದ ಬಟ್ಟೆಯನ್ನು ಹೊರಗೆ ಹಾಕಲು ಬಿಸಿಲಿಲ್ಲ, ರೇಡಿಯೇಟರ್ ಮೇಲೆ ಹರವುತ್ತೇವೆ. ಶಾಖ ಹೋದೀತು ಅಂತ ಕಿಟಕಿಗಳನ್ನು ಮುಚ್ಚಿಟ್ಟಿರುತ್ತೇವೆ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಬೆಚ್ಚಗಿನ ಹಸಿ ಗಾಳಿ ಅತಿ ತಣ್ಣಗಿರುವ ಜಾಗ ಹುಡುಕಿಕೊಂಡು ಹೋಗಿ ಅಲ್ಲಿ ಹನಿಯಾಗುತ್ತದೆ. ಆ ಜಾಗ ಸಾಮಾನ್ಯವಾಗಿ ಮಲಗುವ ಕೋಣೆಯ ಹೊರಗೋಡೆ, ಅದರಲ್ಲೂ ಬೀರುವಿನ ಹಿಂದೆ, ಗಾಳಿ ಆಡದ ಮೂಲೆ. ಅಲ್ಲೇ ಬೂಷ್ಟು ಹುಟ್ಟುತ್ತದೆ.

ನಿಮ್ಮ ಕೈಯಲ್ಲಿರುವುದು ಇಷ್ಟು. ಅಡುಗೆಗೆ ಮುಚ್ಚಳ ಹಾಕಿ, ಎಕ್ಸಾಸ್ಟ್ ಫ್ಯಾನ್ ಹಚ್ಚಿ, ಅಡುಗೆಮನೆ ಬಾಗಿಲು ಮುಚ್ಚಿ. ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಹಾಕಿ, ಆ ಕೋಣೆಯ ಬಾಗಿಲು ಮುಚ್ಚಿ ಕಿಟಕಿ ಸ್ವಲ್ಪ ತೆರೆದಿಡಿ. ದಿನಕ್ಕೆರಡು ಸಲ ಹತ್ತು ನಿಮಿಷ ಎಲ್ಲ ಕಿಟಕಿ ತೆರೆಯಿರಿ. ಗಾಳಿ ತಣ್ಣಗಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ, ಹಾಗಾಗಿ ಮನೆ ಬೇಗ ಮತ್ತೆ ಬೆಚ್ಚಗಾಗುತ್ತದೆ. ಬೆಳಗ್ಗೆ ಕಿಟಕಿ ಗಾಜಿನ ಮೇಲೆ ನಿಂತ ನೀರನ್ನು ಒರೆಸಿ, ಆ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿ. ನಾನು ಒಂದು ಸಲ ಅಳೆದು ನೋಡಿದೆ. ಮೂರು ಕಿಟಕಿಯಿಂದ ಮುಕ್ಕಾಲು ಲೋಟ ನೀರು ಬಂತು.

ಇಷ್ಟು ಮಾಡಿದ ಮೇಲೂ ಬೂಷ್ಟು ಬಂದರೆ ಅದು ನಿಮ್ಮ ಅಡುಗೆಯಿಂದ ಬಂದದ್ದಲ್ಲ. ಇದನ್ನು ಗಟ್ಟಿಯಾಗಿ ನಂಬಿ. ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಹೀಗೇ ಆಗಿತ್ತು. ಮನೆಯ ಮಾಲೀಕರು ಬಂದು, ಮೂಗು ಮುಚ್ಚಿಕೊಂಡು, ‘ನೀವು ಜನ ತುಂಬಾ ಬೇಯಿಸುತ್ತೀರಿ’ ಅಂದರು. ನಾನು ನಂಬಿಬಿಟ್ಟೆ. ಎರಡು ಚಳಿಗಾಲ ಹಬೆಗೆ ಹೆದರಿ ಇಡ್ಲಿ ಮಾಡಲಿಲ್ಲ. ಕೊನೆಗೆ ಒಬ್ಬ ಗಾರೆ ಕೆಲಸದವ ಬೇರೆ ರಿಪೇರಿಗೆ ಬಂದವನು ಮೇಲೆ ನೋಡಿ, ಮಳೆನೀರಿನ ಕೊಳವೆ ಒಡೆದು ನೀರು ವರ್ಷಗಟ್ಟಲೆ ಗೋಡೆಯೊಳಗೇ ಇಳಿಯುತ್ತಿದೆ ಅಂತ ತೋರಿಸಿದ. ಆ ಎರಡು ವರ್ಷ ಮಗ ಕೆಮ್ಮಿದ್ದು ನನಗೆ ಇವತ್ತಿಗೂ ಮರೆಯಲಾಗಿಲ್ಲ.

ರಾಚ್‌ಡೇಲ್ ಊರಿನ ಅವಾಬ್ ಇಶಾಕ್ ಅನ್ನುವ ಮಗುವಿನ ಹೆಸರು ನೀವು ಕೇಳಿರಬಹುದು. ಎರಡು ವರ್ಷದ ಕೂಸು. 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣ ಅಂತ 2022ರಲ್ಲಿ ಸಾವಿನ ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ಅಪ್ಪ ಅಮ್ಮನೂ ಹೊರದೇಶದಿಂದ ಬಂದವರು. ಅವರು ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಅವರ ಜೀವನ ಕ್ರಮದ ಮೇಲೇ ತಪ್ಪು ಹೊರಿಸಲಾಗಿತ್ತು. ಆ ಮಗುವಿನ ಹೆಸರಿನಲ್ಲೇ ‘ಅವಾಬ್ಸ್ ಲಾ’ ಬಂತು. 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಲ್ಲಿ, ಅಂದರೆ ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿ, ಬೂಷ್ಟು, ತೇವದ ದೂರುಗಳನ್ನು ಗೊತ್ತಾದ ಅವಧಿಯೊಳಗೆ ನೋಡಲೇಬೇಕು. ನಿಮ್ಮದು ಖಾಸಗಿ ಬಾಡಿಗೆ ಮನೆ ಇರಬೇಕು. ಅದಕ್ಕೂ ದಾರಿ ಇದೆ. ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಅನ್ನುವ ಕಾನೂನು 2019ರಿಂದ ಖಾಸಗಿ ಮನೆಗಳಿಗೂ ಇದೆ.

ಹಾಗಾಗಿ ಫೋಟೋ ತೆಗೆಯಿರಿ, ತಾರೀಖು ಕಾಣುವ ಹಾಗೆ. ಮನೆ ಬಾಡಿಗೆಗೆ ಕೊಟ್ಟ ಏಜೆನ್ಸಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಮಾತಾಡಿದರೂ ಆಮೇಲೆ ‘ಇವತ್ತು ಮಾತಾಡಿದ ಪ್ರಕಾರ’ ಅಂತ ಎರಡು ಸಾಲು ಕಳಿಸಿ. ಮನೆಯಲ್ಲಿ ಆರು ವರ್ಷದ ಮಗು ಇದೆ, ಕೆಮ್ಮು ಇದ್ದರೆ ಕೆಮ್ಮು ಇದೆ ಅಂತ ಬರೆಯಿರಿ. ಎರಡು ವಾರ ಕಾದು ಏನೂ ಆಗದಿದ್ದರೆ ಸಿಟಿ ಕೌನ್ಸಿಲ್‌ಗೆ ಬರೆಯಿರಿ. ಅವರಿಗೆ ಬಂದು ಮನೆ ನೋಡುವ, ರಿಪೇರಿ ಮಾಡಿಸಿ ಅಂತ ಮಾಲೀಕರಿಗೆ ಆದೇಶ ಕೊಡುವ ಅಧಿಕಾರ ಇದೆ. ಅಡ್ವಾನ್ಸ್ ಹಣ ವಾಪಸ್ ಕೊಡದಿದ್ದರೆ ಅನ್ನುವ ಭಯವೂ ಬೇಡ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ. ತಗೊಂಡ ಹಣವನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಸಿಟ್ ಯೋಜನೆಯಲ್ಲಿ ಇಡಲೇಬೇಕು. ನಿಮ್ಮದು ಯಾವುದರಲ್ಲಿದೆ ಅಂತ ಈ ವಾರವೇ ಕೇಳಿ ಇಟ್ಟುಕೊಳ್ಳಿ.

ಡಾಕ್ಟರ್ ವಿಷಯ. ಇಲ್ಲಿಯೂ ಅದೇ ಕಥೆ. ಊರಲ್ಲಿ ಡಾಕ್ಟರ್ ನಾಡಿ ಹಿಡಿದು, ಇಂಜೆಕ್ಷನ್ ಕೊಟ್ಟು, ಮೂರು ಬಣ್ಣದ ಮಾತ್ರೆ ಬರೆದರೆ ನಮಗೆ ಸಮಾಧಾನ. ಇಲ್ಲಿ ವೈರಲ್ ಜ್ವರಕ್ಕೆ ಆಂಟಿಬಯೋಟಿಕ್ ಕೊಡುವುದಿಲ್ಲ, ಕೊಡಬಾರದು ಕೂಡ. ಪ್ಯಾರಾಸಿಟಮಾಲ್ ಅಂದರೆ ಅಸಡ್ಡೆ ಅಂತ ಅಲ್ಲ. ಆದರೆ ನಿಮ್ಮ ಮಾತು ಅವರಿಗೆ ಮುಟ್ಟದೇ ಹೋಗುವುದೂ ನಿಜ. ನಾನು ಎಷ್ಟೋ ಜನರ ಜೊತೆ ದುಭಾಷಿಯಾಗಿ ಹೋಗಿದ್ದೇನೆ. ನಮ್ಮವರು ‘ಸ್ವಲ್ಪ ಹುಷಾರಿಲ್ಲ’ ಅಂತ ಶುರು ಮಾಡುತ್ತಾರೆ. ಡಾಕ್ಟರಿಗೆ ಸಿಗುವ ಹತ್ತು ಹದಿನೈದು ನಿಮಿಷದಲ್ಲಿ ಆ ‘ಸ್ವಲ್ಪ’ವನ್ನು ಅವರು ಹಾಗೇ ನಂಬುತ್ತಾರೆ. ಎಷ್ಟು ದಿನದಿಂದ, ಎಷ್ಟು ಡಿಗ್ರಿ, ಎಷ್ಟು ಸಲ ಮೂತ್ರ ಹೋದಳು, ಏನು ತಿನ್ನುತ್ತಿಲ್ಲ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ಇಷ್ಟನ್ನು ಚೀಟಿಯಲ್ಲಿ ಬರೆದು ಓದಿ. ಕೊನೆಗೆ ‘ನನಗೆ ಗಾಬರಿಯಾಗಿದೆ’ ಅಂತ ಹೇಳಿ. ತಾಯಿಯ ಗಾಬರಿಯನ್ನು ಇಲ್ಲಿನ ಡಾಕ್ಟರುಗಳು ಗಂಭೀರವಾಗಿ ತಗೊಳ್ಳುತ್ತಾರೆ. ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಅಂತ ಕೇಳದೆ ಏಳಬೇಡಿ.

ಡಾಕ್ಟರ್ ಭೇಟಿಯ ಸಮಯಕ್ಕಾಗಿ ಬೆಳಗ್ಗೆ ಎಂಟಕ್ಕೆ ಫೋನ್ ಹಚ್ಚಿ ಕಾಯುವುದು ಎಲ್ಲರ ಪಾಡು, ಬಿಳಿಯರದ್ದೂ ಅದೇ. 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಜಿಪಿಗಳು, ಅಂದರೆ ನಾವು ಮೊದಲು ಹೋಗುವ ಬಡಾವಣೆಯ ಡಾಕ್ಟರುಗಳು, ಕೆಲಸದ ದಿನ ಬೆಳಗ್ಗೆ ಎಂಟರಿಂದ ಸಂಜೆ ಆರೂವರೆವರೆಗೂ ಆನ್‌ಲೈನ್ ಅರ್ಜಿ ತೆರೆದಿಡಬೇಕು. ಅದನ್ನು ಬಳಸಿ. ಗಂಟಲು ನೋವು, ಮಗುವಿನ ಕಿವಿನೋವಿನಂಥದ್ದಕ್ಕೆ 2024ರಿಂದ ಫಾರ್ಮಸಿಯವರೇ ನೋಡಿ, ಬೇಕಿದ್ದರೆ ಔಷಧ ಕೊಡುತ್ತಾರೆ. ರಾತ್ರಿ ಏನು ಮಾಡುವುದು ತೋಚದಿದ್ದರೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನಿಸಿದರೆ ಆಂಬ್ಯುಲೆನ್ಸಿಗೆ 999, ಅದಕ್ಕೆ ಯೋಚನೆಯೇ ಬೇಡ.

ಇದೆಲ್ಲ ‘ಪುಕ್ಕಟೆ’ ತಗೊಳ್ಳುತ್ತಿದ್ದೇವೆ ಅನ್ನುವ ಸಂಕೋಚ ನಮ್ಮಲ್ಲಿ ಹಲವರಿಗೆ ಇದೆ. ಟಿವಿಯ ಮಾತು ಕೇಳಿ ಅದು ಇನ್ನೂ ಹೆಚ್ಚುತ್ತದೆ. ಲೆಕ್ಕದ ಮೇಷ್ಟ್ರು ನೀವು, ಲೆಕ್ಕ ಹಾಕಿ. ನಿಮ್ಮಂಥ ಕೆಲಸದ ವೀಸಾದವರು ಬರುವ ಮುಂಚೆಯೇ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಅಂತ ಹೆಲ್ತ್ ಸರ್ಚಾರ್ಜ್ ಕಟ್ಟಿರುತ್ತಾರೆ. 2024ರ ಫೆಬ್ರವರಿಯಲ್ಲಿ ಅದು ವರ್ಷಕ್ಕೆ ದೊಡ್ಡವರಿಗೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆಯಿತು. ಆ ದರದಲ್ಲಿ ನಿಮ್ಮ ಮೂವರಿಗೆ ವರ್ಷಕ್ಕೆ 2,846, ಮೂರು ವರ್ಷದ ವೀಸಾಕ್ಕೆ 8,538 ಪೌಂಡ್. ಯಜಮಾನರ ಸಂಬಳದಿಂದ ಪ್ರತಿ ತಿಂಗಳು ಹೋಗುವ ತೆರಿಗೆ, ನ್ಯಾಷನಲ್ ಇನ್ಶುರೆನ್ಸ್ ಅನ್ನುವ ಸಾಮಾಜಿಕ ಭದ್ರತೆಯ ಕಂತು ಬೇರೆ. ಯಾರ ಋಣದಲ್ಲೂ ನೀವಿಲ್ಲ. ತಲೆ ಎತ್ತಿ ಕೇಳಿ.

ನೆರೆಹೊರೆಯವರ ಬಗ್ಗೆ ಬರೆದಿದ್ದೀರಿ. ಇಲ್ಲಿ ‘ಯು ಆಲ್‌ರೈಟ್?’ ಅಂದರೆ ಅದು ಪ್ರಶ್ನೆ ಅಲ್ಲ, ನಮಸ್ಕಾರ. ನಾನು ಮೊದಮೊದಲು ನಿಂತು ಉತ್ತರ ಹೇಳುತ್ತಿದ್ದೆ, ಅವರು ಆಗಲೇ ಮುಂದೆ ಹೋಗಿರುತ್ತಿದ್ದರು. ‘ಒಂದು ದಿನ ಮನೆಗೆ ಬನ್ನಿ’ ಅಂದರೆ ತಾರೀಖು ಹೇಳುವವರೆಗೂ ಅದು ಬರೀ ಒಳ್ಳೆಯ ಮಾತು. ‘ನಾಟ್ ಬ್ಯಾಡ್’ ಅಂದರೆ ಚೆನ್ನಾಗಿದೆ ಅಂತ. ಆಫೀಸಿನಲ್ಲಿ ‘ಇಂಟರೆಸ್ಟಿಂಗ್’ ಅಂದರೆ ಒಪ್ಪಿಗೆ ಇಲ್ಲ ಅಂತಲೂ ಇರಬಹುದು. ಇದು ಕಪಟ ಅಲ್ಲ. ಇನ್ನೊಬ್ಬರ ಹೊಸ್ತಿಲು ದಾಟಬಾರದು ಅನ್ನುವುದು ಇವರ ಮರ್ಯಾದೆ. ಹೊಸ್ತಿಲು ದಾಟಿ ಬರುವುದು ನಮ್ಮ ಪ್ರೀತಿ. ಎರಡೂ ಎದುರಾದಾಗ ನಮಗೆ ಚಳಿ ಅನಿಸುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಮೂರು ವರ್ಷ ನಮ್ಮಿಬ್ಬರ ಮಧ್ಯೆ ನಡೆದದ್ದು ಬರೀ ಚಳಿ ಮಳೆಯ ಮಾತು. ಆಮೇಲೆ ನನ್ನ ಗಂಡನಿಗೆ ಆಪರೇಷನ್ ಆಯಿತು. ನಾನು ಹತ್ತು ದಿನ ಆಸ್ಪತ್ರೆ, ಮನೆ ಅಂತ ಓಡಾಡಿದೆ. ಕಸದ ಬಿನ್ ಹೊರಗಿಡುವುದು ಮರೆತೇ ಹೋಗಿತ್ತು. ಆ ಬುಧವಾರ ರಾತ್ರಿ ಬಂದು ನೋಡಿದರೆ ನಮ್ಮ ಬಿನ್ ಖಾಲಿಯಾಗಿ, ತೊಳೆದು, ಬಾಗಿಲ ಪಕ್ಕ ನಿಂತಿದೆ. ಮುಂದಿನ ವಾರವೂ ಹಾಗೇ. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಒಂದು ಡಬ್ಬಿ ನಿಂಬೆಹಣ್ಣಿನ ಚಿತ್ರಾನ್ನ ಮಾಡಿ ಬಾಗಿಲು ತಟ್ಟಿದೆ. ಅವತ್ತು ಒಳಗೆ ಕರೆದರು. ಅವರು ತೀರಿಕೊಳ್ಳುವವರೆಗೂ ಆ ಸ್ನೇಹ ಇತ್ತು.

ಇಲ್ಲಿ ಸ್ನೇಹ ಹುಟ್ಟುವುದು ಹರಟೆಯಿಂದ ಅಲ್ಲ, ಜೊತೆಯಲ್ಲಿ ಒಂದು ಕೆಲಸ ಮಾಡುವುದರಿಂದ. ಮಗಳ ಶಾಲೆಯಲ್ಲಿ ಮಕ್ಕಳಿಂದ ಓದಿಸಲು ಅಪ್ಪ ಅಮ್ಮಂದಿರನ್ನು ಕರೆಯುತ್ತಾರೆ, ಹೋಗಿ. ಲೈಬ್ರರಿ ಕಾರ್ಡು ಪುಕ್ಕಟೆ, ಅಲ್ಲಿ ಮಕ್ಕಳಿಗೆ ಕಥೆ ಹೇಳುವ ದಿನ ಇರುತ್ತದೆ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ದೇಶದ ಎಷ್ಟೋ ಪಾರ್ಕುಗಳಲ್ಲಿ ಪಾರ್ಕ್‌ರನ್ ನಡೆಯುತ್ತದೆ, ಐದು ಕಿಲೋಮೀಟರ್, ನಡೆದರೂ ಆಯಿತು. ಒಂದೇ ಜಾಗಕ್ಕೆ ಆರು ವಾರ ಬಿಡದೆ ಹೋಗಿ. ಮೂರನೇ ವಾರ ಹೆಸರು ಕೇಳುತ್ತಾರೆ.

ಈಗ ನಿಮ್ಮ ಬಗ್ಗೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಬೂಷ್ಟಿನದ್ದಲ್ಲ. ‘ಎಂಟು ವರ್ಷ ಗಣಿತ ಕಲಿಸಿದವಳು, ಇಲ್ಲಿ ಮನೆಯಲ್ಲೇ ಇದ್ದೇನೆ’ ಅನ್ನುವುದು. ಕೆಲಸದ ವೀಸಾದವರ ಹೆಂಡತಿ ಅಥವಾ ಗಂಡ ಇಲ್ಲಿ ಹೆಚ್ಚುಕಡಿಮೆ ಯಾವ ಕೆಲಸ ಬೇಕಾದರೂ ಮಾಡಬಹುದು. ಬೇರೆ ಪರ್ಮಿಟ್ ಬೇಡ. ಈ ದೇಶದ ಶಾಲೆಗಳಲ್ಲಿ ಗಣಿತ ಮೇಷ್ಟ್ರುಗಳ ಕೊರತೆ ಬಹಳ ವರ್ಷದಿಂದ ಇದೆ. 2023ರಿಂದ ಭಾರತದಲ್ಲಿ ತರಬೇತಾದ ಗಣಿತ, ವಿಜ್ಞಾನ, ಭಾಷೆಯ ಶಿಕ್ಷಕರು ಇಂಗ್ಲೆಂಡಿನ ಕ್ಯೂಟಿಎಸ್, ಅಂದರೆ ಕ್ವಾಲಿಫೈಡ್ ಟೀಚರ್ ಸ್ಟೇಟಸ್‌ಗೆ ನೇರವಾಗಿ ಅರ್ಜಿ ಹಾಕಬಹುದು. 11ರಿಂದ 16 ವರ್ಷದ ಮಕ್ಕಳಿಗೆ ಕಲಿಸುವ ಅರ್ಹತೆ ಇರಬೇಕು. ಹೈಸ್ಕೂಲು ಅಂದರೆ ಅದೇ ತಾನೇ? ಅರ್ಜಿಗೆ ದುಡ್ಡಿಲ್ಲ. ಡಿಗ್ರಿ, ಬಿ.ಎಡ್. ಕಾಗದ, ಕಲಿಸಿದ ಅನುಭವದ ಪತ್ರ ಊರಿನಿಂದ ತರಿಸಿ. ಪತ್ರ ತರಿಸುವುದಕ್ಕೇ ತಿಂಗಳು ಹಿಡಿಯುತ್ತದೆ, ಇವತ್ತೇ ಶುರು ಮಾಡಿ. ಅಷ್ಟರಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿ. ಸಂಬಳ ಕಡಿಮೆ. ಆದರೆ ಇಲ್ಲಿನ ತರಗತಿ ಹೇಗೆ ನಡೆಯುತ್ತದೆ ಅಂತ ಒಳಗಿನಿಂದ ಗೊತ್ತಾಗುತ್ತದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ, ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತೇನೆ. ಈಗ ವೀಸಾ ಕಾರ್ಡಿಲ್ಲ, ಎಲ್ಲವೂ ಇ-ವೀಸಾ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಇ-ವೀಸಾ ಖಾತೆಯೂ ಗಂಡನ ಇಮೇಲ್, ಗಂಡನ ಫೋನಿನಲ್ಲೇ ಇರುತ್ತದೆ. ಗಂಡ ಎಷ್ಟೇ ಒಳ್ಳೆಯವನಾಗಿರಲಿ, ನಿಮ್ಮದು ನಿಮ್ಮ ಇಮೇಲ್‌ನಲ್ಲಿರಲಿ. ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಲಿ. ನ್ಯಾಷನಲ್ ಇನ್ಶುರೆನ್ಸ್ ನಂಬರ್ ಇರಲಿ. ಮನೆಯ ಒಂದು ಬಿಲ್ಲಾದರೂ ನಿಮ್ಮ ಹೆಸರಿಗೆ ಬರಲಿ, ಇಲ್ಲಿ ಎಲ್ಲದಕ್ಕೂ ವಿಳಾಸದ ಪುರಾವೆ ಕೇಳುತ್ತಾರೆ.

ಡ್ರೈವಿಂಗ್ ಬರುತ್ತಿದ್ದರೆ ಕೇಳಿ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ಕಾರು ಓಡಿಸಬಹುದಾದದ್ದು ವಾಸಕ್ಕೆ ಬಂದ ದಿನದಿಂದ 12 ತಿಂಗಳು ಮಾತ್ರ. ನಿಮಗೆ ಉಳಿದಿರುವುದು ನಾಲ್ಕೇ ತಿಂಗಳು. ಮೊದಲು ಪ್ರಾವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್, ಆಮೇಲೆ ಥಿಯರಿ ಪರೀಕ್ಷೆ. 50 ಪ್ರಶ್ನೆಯಲ್ಲಿ 43 ಸರಿಯಾಗಬೇಕು. ಕಷ್ಟ ಇರುವುದು ರಸ್ತೆ ಪರೀಕ್ಷೆಯ ತಾರೀಖು ಸಿಗುವುದರಲ್ಲಿ, ತಿಂಗಳುಗಟ್ಟಲೆ ಕಾಯಬೇಕು. ಊರಲ್ಲಿ ಹತ್ತು ವರ್ಷ ಓಡಿಸಿದವರೂ ಮೊದಲ ಸಲ ಇಲ್ಲಿ ಫೇಲಾಗುವುದು ಜಾಸ್ತಿ. ಕನ್ನಡಿ ನೋಡದ ಅಭ್ಯಾಸ, ರೌಂಡ್‌ಅಬೌಟ್‌ನಲ್ಲಿ ನುಗ್ಗುವ ಅಭ್ಯಾಸ. ನಾಲ್ಕಾರು ಪಾಠ ದುಡ್ಡು ಕೊಟ್ಟು ಕಲಿಯಿರಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತದ ಪ್ರಜೆಗಳು ಬ್ರಿಟಿಷ್ ಪೌರತ್ವ ಇಲ್ಲದೆಯೇ ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು, ಪಾರ್ಲಿಮೆಂಟ್ ಚುನಾವಣೆಯಲ್ಲೂ ವೋಟು ಹಾಕಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನವರು ವಿಳಾಸ ನೋಡುವಾಗಲೂ ಅನುಕೂಲ. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ.

ಟಿವಿಯಲ್ಲಿ ಕಾಣುವ ಸಿಟ್ಟಿಗೆ ಬರುತ್ತೇನೆ. ಅದು ಇಲ್ಲ ಅಂತ ನಾನು ಹೇಳುವುದಿಲ್ಲ. 2024ರ ಆಗಸ್ಟಿನಲ್ಲಿ ಸೌತ್‌ಪೋರ್ಟ್ ಊರಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದ ನಂತರ ವಲಸೆಗಾರರ ವಿರುದ್ಧ ಗಲಭೆ ಹಬ್ಬಿದಾಗ ನಮ್ಮ ಕೇಂದ್ರಕ್ಕೆ ಬರುವ ನರ್ಸುಗಳು ರಾತ್ರಿ ಪಾಳಿಗೆ ಹೋಗಲು ಹೆದರಿದ್ದರು. ನನಗೂ ಬಸ್ಸಿನಲ್ಲಿ ಒಬ್ಬ ‘ನಿನ್ನ ದೇಶಕ್ಕೆ ಹೋಗು’ ಅಂದಿದ್ದಾನೆ. ಆದರೆ ಅದೇ ಬಸ್ಸಿನ ಡ್ರೈವರ್ ಗಾಡಿ ನಿಲ್ಲಿಸಿ ಅವನನ್ನು ಇಳಿಸಿದ. ಎರಡೂ ನಡೆದದ್ದೇ. ನಿಮಗೆ ಹಾಗಾದರೆ ನುಂಗಿಕೊಳ್ಳಬೇಡಿ, ಪೊಲೀಸರಿಗೆ ಹೇಳಿ. ಕೆಲಸದ ಜಾಗದಲ್ಲಾದರೆ ತಾರತಮ್ಯ ತಡೆಯುವ 2010ರ ಈಕ್ವಾಲಿಟಿ ಆಕ್ಟ್ ಇದೆ, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.

ನೀವಿರುವ ಊರಿನ ಕಥೆಯನ್ನೇ ನೋಡಿ. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿ ನೆಲೆಸಿದ್ದ ಏಷ್ಯನ್ನರನ್ನು, ಹೆಚ್ಚಿನವರು ಗುಜರಾತಿಗಳು, 90 ದಿನದಲ್ಲಿ ಹೊರಡಿ ಅಂದಾಗ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ಕೌನ್ಸಿಲ್ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ದಯವಿಟ್ಟು ನಮ್ಮ ಊರಿಗೆ ಬರಬೇಡಿ ಅಂದಿತ್ತು. ಆದರೂ ಬಂದರು. ಪಾಳು ಬಿದ್ದ ಅಂಗಡಿಗಳನ್ನು ತೆರೆದರು. ಇವತ್ತು ಬೆಲ್‌ಗ್ರೇವ್ ರಸ್ತೆಯಲ್ಲಿ ನೀವು ತೊಗರಿಬೇಳೆ, ಕರಿಬೇವು ತರುತ್ತೀರಲ್ಲ, ಅದು ಅವರು ಕಟ್ಟಿದ ಬೀದಿ. ಅದೇ ಬೀದಿಯ ದೀಪಾವಳಿಗೆ ಈಗ ಸಾವಿರಾರು ಜನ ಸೇರುತ್ತಾರೆ. 2021ರ ಜನಗಣತಿಯಲ್ಲಿ ಲೆಸ್ಟರಿನ ನೂರಕ್ಕೆ ಹದಿನಾರು ಜನ ಭಾರತದಲ್ಲಿ ಹುಟ್ಟಿದವರು.

ಹಾಗಂತ ನಮ್ಮವರೆಲ್ಲ ಸರಿ ಅಂತ ಅಲ್ಲ. 2022ರಲ್ಲಿ ಇದೇ ಊರಿನಲ್ಲಿ ಹಿಂದೂ ಮುಸ್ಲಿಂ ಹುಡುಗರು ಬೀದಿಗಿಳಿದಾಗ ಫೋನಿನಲ್ಲಿ ಓಡಾಡಿದ ಸುಳ್ಳು ಸುದ್ದಿ ಬೆಂಕಿಗೆ ಎಣ್ಣೆ ಹಾಕಿತು. ವಾಟ್ಸಾಪ್ ನೋಡಿ ಪಕ್ಕದ ಬೀದಿಯವರನ್ನು ಅಳೆಯಬೇಡಿ. ಮೊದಲು ಬಂದವರು ಆಮೇಲೆ ಬಂದವರನ್ನು ಬೈಯುವುದನ್ನೂ ನಾನು ದಿನಾ ಕೇಳುತ್ತೇನೆ. ಆಶ್ರಯ ಕೇಳಿಕೊಂಡು ಸಮುದ್ರ ದಾಟಿ ದೋಣಿಯಲ್ಲಿ ಬಂದವನ ಬಗ್ಗೆ ನಮ್ಮ ಮನೆಯ ಹಾಲಿನಲ್ಲಿ ಆಡುವ ಮಾತನ್ನೇ ಐವತ್ತು ವರ್ಷದ ಹಿಂದೆ ಆ ಗುಜರಾತಿಗಳ ಬಗ್ಗೆ ಆಡಿದ್ದರು. ನನಗೆ ಅದು ಸರಿ ಕಾಣುವುದಿಲ್ಲ.

ಆ ‘ಯಾವ ಪೈಕಿ’ ಪ್ರಶ್ನೆ ನನ್ನನ್ನೂ ನೋಯಿಸಿದೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅನಾವರಣವಾಯಿತು. ಕಲಬುರಗಿ ಕಡೆಯಿಂದ ಬಂದು ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್ ಅದಕ್ಕಾಗಿ ದುಡಿದರು. ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಆ ಪ್ರಶ್ನೆ ಕೇಳಿದವರಿಗೆ ‘ದಾವಣಗೆರೆ ಪೈಕಿ’ ಅಂತ ಹೇಳಿ ಸುಮ್ಮನಾಗಿ. ಒಬ್ಬರು ಕೇಳಿದರು ಅಂತ ಕೂಟವನ್ನೇ ಬಿಡಬೇಡಿ. ಯುಗಾದಿ ಕಾರ್ಯಕ್ರಮಕ್ಕೆ ಹೋಗಿ ಅಡುಗೆಮನೆಯಲ್ಲಿ ಕೈ ಜೋಡಿಸಿ. ಈರುಳ್ಳಿ ಹೆಚ್ಚುವ ಜಾಗದಲ್ಲಿ ಒಳ್ಳೆಯವರು ಸಿಗುತ್ತಾರೆ. ಮಗಳಿಗೂ ಕನ್ನಡ ಬೇಕು. ಇನ್ನೊಂದು ವರ್ಷದಲ್ಲಿ ಅವಳು ನಿಮಗೆ ಇಂಗ್ಲಿಷಿನಲ್ಲೇ ಉತ್ತರ ಕೊಡಲು ಶುರು ಮಾಡುತ್ತಾಳೆ. ನೀವು ಕನ್ನಡದಲ್ಲೇ ಮಾತಾಡುತ್ತಿರಿ. ಅಜ್ಜಿಯ ಜೊತೆ ದಿನಾ ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿಸಿ.

ಊರಿಗೆ ಮದುವೆ ಮುಂಜಿಗೆ ಹೋಗುವಾಗ ಶಾಲೆಯ ರಜೆ ನೋಡಿ ಟಿಕೆಟ್ ಮಾಡಿ. ಇಂಗ್ಲೆಂಡಿನಲ್ಲಿ ರಜೆ ಇಲ್ಲದಾಗ ಮಗುವನ್ನು ಕರೆದೊಯ್ದರೆ ಒಬ್ಬೊಬ್ಬ ಪಾಲಕರಿಗೆ 80 ಪೌಂಡ್ ದಂಡ ಬೀಳಬಹುದು, 21 ದಿನದಲ್ಲಿ ಕಟ್ಟದಿದ್ದರೆ 160.

ಉಳಿಯುವುದೋ ಹೋಗುವುದೋ ಅನ್ನುವುದಕ್ಕೆ ಈಗ ವಾಪಸ್ ಬರೋಣ. ಐದು ವರ್ಷವಾದರೆ ಕಾಯಂ ವಾಸದ ಹಕ್ಕು ಅಂತ ಎಲ್ಲರೂ ಲೆಕ್ಕ ಹಾಕಿ ಬರುತ್ತಿದ್ದರು. 2025ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವ ಇಟ್ಟಿತು. ಆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಸ್ನೇಹಿತರ ಮಾತು ಕೇಳಬೇಡಿ. ಸರ್ಕಾರದ ವೆಬ್‌ಸೈಟ್ ಓದಿ, ಬೇಕಾದರೆ ನೋಂದಾಯಿತ ಸಲಹೆಗಾರರನ್ನು ಮಾತ್ರ ಕೇಳಿ. ಸಂಬಳದ ಚೀಟಿ, ದೇಶದಿಂದ ಹೊರಗೆ ಹೋದ ತಾರೀಖು ಎಲ್ಲ ಒಂದು ಫೈಲಿನಲ್ಲಿಡಿ. ಯಾವ 12 ತಿಂಗಳಲ್ಲೂ 180 ದಿನಕ್ಕಿಂತ ಜಾಸ್ತಿ ಹೊರಗಿರಬಾರದು.

ನನ್ನ ಅನುಭವದಲ್ಲಿ ನಿಜವಾದ ಪ್ರಶ್ನೆ ವೀಸಾದ್ದೂ ಅಲ್ಲ, ಚಳಿಯದ್ದೂ ಅಲ್ಲ. ಅಪ್ಪ ಅಮ್ಮನದ್ದು. ಅವರು ಭೇಟಿಗೆ ಬರಬಹುದು, ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು. ಇಲ್ಲೇ ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. 2012ರ ನಂತರ ಆ ನಿಯಮ ಅಷ್ಟು ಬಿಗಿಯಾಗಿದೆ, ಕೆಲಸದ ವೀಸಾದಲ್ಲಿರುವವರಿಗೆ ಆ ದಾರಿಯೇ ಇಲ್ಲ. ನನ್ನ ಅಪ್ಪ ಬಿದ್ದು ಸೊಂಟ ಮುರಿದುಕೊಂಡಾಗ ನಾನು ಮೂರನೇ ದಿನ ತಿಪಟೂರು ಮುಟ್ಟಿದೆ. ಅವರು ಹೋಗುವಾಗ ಮುಟ್ಟಲೂ ಆಗಲಿಲ್ಲ. ನೀವಿಬ್ಬರೂ ಇದರ ಬಗ್ಗೆ ಈಗಲೇ ಬಾಯಿಬಿಟ್ಟು ಮಾತಾಡಿ. ಊರಲ್ಲಿ ಅವರ ಹತ್ತಿರ ಯಾರಿದ್ದಾರೆ, ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ, ಆ ಹೆಸರುಗಳನ್ನು ಬರೆಯಿರಿ. ಹೆಸರು ಬರೆಯಲಾಗದಿದ್ದರೆ ವಾಪಸ್ ಹೋಗುವ ಯೋಚನೆಗೆ ನಿಜವಾದ ತೂಕ ಇದೆ. ನೀವು ಮತ್ತೆ ಕಲಿಸುವ ಕೆಲಸಕ್ಕೆ ಸೇರುವ ದಾರಿ ತೆರೆದರೆ ಉಳಿಯುವುದಕ್ಕೂ ಅಷ್ಟೇ ತೂಕ ಇದೆ.

ಅತ್ತೆಯವರನ್ನು ಈ ಮೇ ತಿಂಗಳಲ್ಲಿ ಕರೆಸಿ. ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಿಸಬೇಡಿ, ಭೇಟಿಗೆ ಬಂದವರು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆಯ ವೆಚ್ಚದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ಪೇಡ, ತುಪ್ಪ ತರಬೇಡಿ ಅಂತ ಮೊದಲೇ ಹೇಳಿ, ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದುಬಿಡುತ್ತಾರೆ. ಚಟ್ನಿಪುಡಿ ತರಲಿ. ಅವರು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಿಮ್ಮ ಜೊತೆ ಒಂದು ತಿಂಗಳು ಇದ್ದು, ಬಿನ್ ಹೊರಗಿಟ್ಟು, ಪಾತ್ರೆ ತೊಳೆದು, ಮೊಮ್ಮಗಳನ್ನು ಶಾಲೆಯಿಂದ ಕರೆತಂದರೆ ನಿಮ್ಮ ದಿನ ಹೇಗಿರುತ್ತದೆ ಅಂತ ಅವರಿಗೂ ಗೊತ್ತಾಗುತ್ತದೆ.

ಜೂನ್ ಕೊನೆಗೆ, ರಾತ್ರಿ ಒಂಬತ್ತಕ್ಕೂ ಹೊರಗೆ ಬಿಸಿಲಿರುವಾಗ, ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿ. ಏನು ಮಾಡಿದಿರಿ ಅಂತ ನನಗೆ ಬರೆಯಿರಿ. ಅಲ್ಲಿಯವರೆಗೆ ಕಾಯುವುದು ಬೇಡದ ಕೆಲಸ ಒಂದಿದೆ. ನಾಳೆ ಮಗಳನ್ನು ಶಾಲೆಗೆ ಬಿಟ್ಟು, ಅರ್ಧ ಗಂಟೆ ನಡೆದು ಬಂದು, ಮಲಗುವ ಕೋಣೆಯ ಆ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಹಿಂದಿನ ಗೋಡೆಯ ಫೋಟೋ ತೆಗೆಯಿರಿ. ಆಮೇಲೆ ಇಮೇಲ್ ಬರೆಯಲು ಕೂರಿ.